ಬೆಳೆ ವಿಮೆ ಕಟ್ಟಿ ಸುಮ್ಮನೆ ಕೂರಬೇಡಿ, ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ನೋಡಿ

ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಮಳೆ ನಂಬಿ ಬೆಳೆ ಇಡುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿರಾ ತಾಲ್ಲೂಕು. ಅಪ್ಪನ ಹೆಸರಲ್ಲಿ ಮೂರು ಎಕರೆ ಖುಷ್ಕಿ ಜಮೀನು. 2023ರ ಮುಂಗಾರಿಗೆ ಕಡ್ಲೆಕಾಯಿ ಹಾಕಿ, ಅಕ್ಕಡಿ (ಜೊತೆ ಬೆಳೆ) ಸಾಲಿಗೆ ತೊಗರಿ ಬಿಟ್ಟಿದ್ದೆವು. ಜುಲೈನಲ್ಲಿ ಅಪ್ಪ ಫಸಲ್ ಬಿಮಾ, ಅಂದರೆ ಪ್ರಧಾನಮಂತ್ರಿ ಬೆಳೆ ವಿಮೆ, ಕಟ್ಟಿ ಬಂದರು. ಮುಂಗಾರಿನ ಆಹಾರ ಧಾನ್ಯಕ್ಕೆ, ಎಣ್ಣೆಕಾಳಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ ಶೇ. 2 ಮಾತ್ರ, ಮಿಕ್ಕದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರದ್ದು. ನಮಗೆ ಸಾವಿರದ ಇನ್ನೂರರ ಹತ್ತಿರ ಆಯಿತು. ರಸೀದಿಯನ್ನು ಪಹಣಿ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಗೂಡಲ್ಲಿ ಇಟ್ಟರು. ಇನ್ನು ಚಿಂತೆ ಇಲ್ಲ ಅಂದುಕೊಂಡೆವು.

ಆ ವರ್ಷ ಹೇಗಿತ್ತು ಅಂತ ನಿಮಗೆ ಗೊತ್ತು. ಆಗಸ್ಟಿನಲ್ಲಿ ಮಳೆ ಪೂರಾ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಗಿಡ ಕಿತ್ತರೆ ಬುಡದಲ್ಲಿ ನಾಲ್ಕು ಕಾಯಿ, ಅದರಲ್ಲಿ ಎರಡು ಜೊಳ್ಳು. ಕಿತ್ತ ಕೂಲಿಯೂ ಹುಟ್ಟಲಿಲ್ಲ. ಸಿಕ್ಕಿದ ಎರಡು ಚೀಲವನ್ನು ಮನೆ ಮುಂದೆ ಬಂದ ವ್ಯಾಪಾರಿಗೇ ಕೊಟ್ಟೆವು, ಚೀಟಿ ಗೀಟಿ ಏನೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮರುವರ್ಷ ಪಕ್ಕದ ಹೊಲದವರ ಖಾತೆಗಳಿಗೆ ವಿಮೆ ದುಡ್ಡು ಬಿತ್ತು. ಅದೇ ಪಂಚಾಯಿತಿ, ಅದೇ ಬೆಳೆ, ಬದುವಿನ ಆ ಕಡೆ ಅವರು, ಈ ಕಡೆ ನಾವು. ನಮಗೆ ಬರಲಿಲ್ಲ. ಒಂದು ತಿಂಗಳು ಕಾದು, ಅಪ್ಪನನ್ನು ಕರೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್ ತೆರೆದು ನೋಡಿ, "ಯಜಮಾನ್ರೇ, ನೀವು ಕಡ್ಲೆಕಾಯಿಗೆ ವಿಮೆ ಕಟ್ಟಿದ್ದೀರಿ, ಸಮೀಕ್ಷೆಯಲ್ಲಿ ತೊಗರಿ ಅಂತ ಇದೆ. ತಾಳೆ ಆಗದೆ ಅರ್ಜಿ ತಿರಸ್ಕೃತ ಆಗಿದೆ" ಅಂದರು. ಸಮೀಕ್ಷೆಯ ಫೋಟೋ ತೋರಿಸಿದರು. ನಮ್ಮದೇ ಹೊಲ. ಬದುವಿನ ಮೇಲೆ ನಿಂತು ತೆಗೆದದ್ದು. ಚಿತ್ರದ ತುಂಬ ಮೊಣಕಾಲೆತ್ತರದ ಅಂಚಿನ ತೊಗರಿ ಸಾಲು, ಅದರ ಹಿಂದೆ ಗೇಣುದ್ದದ ಕಡ್ಲೆಕಾಯಿ ಗಿಡ ಬರೀ ಹಸಿರು ಪಟ್ಟೆಯ ಹಾಗೆ ಕಾಣುತ್ತಿತ್ತು.

ಅಪ್ಪನಿಗೆ ಆಗ ನೆನಪಾಯಿತು. ಒಂದು ಮಧ್ಯಾಹ್ನ ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದಿದ್ದನಂತೆ. "ತಾತಾ, ನಿಮ್ಮ ಹೊಲದ್ದು ಆಯ್ತು" ಅಂತ ಹೇಳಿ ಹೋದ. ಅಪ್ಪ ನೀರು ಕೊಟ್ಟು ಕಳಿಸಿದರು. ಏನು ಬರೆದುಕೊಂಡೆ ಅಂತ ಕೇಳಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ಒಂದೊಂದು ಹಿಸ್ಸಾ (ಸರ್ವೆ ನಂಬರಿನ ಪಾಲು) ಅಲೆಯಬೇಕು, ಸಿಗುವುದು ಪ್ಲಾಟಿಗೆ ಚಿಲ್ಲರೆ ಕಾಸು. ಆದರೆ ನಮಗಾದ ನಷ್ಟ ನಷ್ಟವೇ.

ಸರಿಪಡಿಸಲು ದಾರಿ ಇರಲಿಲ್ಲವೇ ಅಂದರೆ, ಇತ್ತು. ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ, ಪಂಚಾಯಿತಿಯಲ್ಲಿ ಅಂಟಿಸಿ ಆಕ್ಷೇಪಣೆಗೆ ಕೆಲವು ದಿನ ಕೊಟ್ಟಿರುತ್ತಾರೆ. ನಾವು ಹೋದಾಗ ಆ ಗಡುವು ಮುಗಿದು ಪಟ್ಟಿಯ ಹಾಳೆ ಗೋಡೆಯಲ್ಲೇ ಹಳದಿ ಬಣ್ಣಕ್ಕೆ ತಿರುಗಿತ್ತು. ಗಡುವಿನೊಳಗೆ ಹೋಗಿದ್ದರೂ ಕೇಳುತ್ತಿದ್ದ ದಾಖಲೆ ಇವು: ವಿಮೆ ಮಾಡಿಸಿದ ಬೆಳೆ ನಮೂದಾಗಿರುವ ಆ ವರ್ಷದ ಪಹಣಿ, ಬೆಂಬಲ ಬೆಲೆಗೆ ಮಾರಿದ ರಸೀದಿ, ಇಲ್ಲವೇ ಎಪಿಎಂಸಿಯಲ್ಲಿ ಮಾರಿದ ರಸೀದಿ. ಪಹಣಿಯ ಬೆಳೆ ಕಾಲಂ ತುಂಬುವುದೇ ಸಮೀಕ್ಷೆಯಿಂದ, ಅಲ್ಲೂ ತೊಗರಿಯೇ ಇತ್ತು. ಇನ್ನು ಮಾರಾಟದ ರಸೀದಿ. ಬೆಳೆ ಹೋಯಿತು ಅಂತ ತಾನೇ ವಿಮೆ ಕೇಳುವುದು? ಹೋದ ಬೆಳೆಯನ್ನು ಎಪಿಎಂಸಿಗೆ ಒಯ್ದು ಯಾರು ಮಾರುತ್ತಾರೆ? ಈ ನಿಯಮ ಬದಲಾಗಲೇಬೇಕು. ಮೂರು ಎಕರೆಯವನ ಹತ್ತಿರ ಇಲ್ಲದ ಕಾಗದವನ್ನೇ ಕೇಳುತ್ತದೆ ಇದು.

ಇಷ್ಟರಲ್ಲಿ ಒಬ್ಬ ಮಧ್ಯವರ್ತಿ "ಮೇಲಿಂದ ಮಾಡಿಸಿಕೊಡ್ತೀನಿ" ಅಂತ ಎರಡೂವರೆ ಸಾವಿರ ತೆಗೆದುಕೊಂಡ. ಏನೂ ಆಗಲಿಲ್ಲ. ಗಡುವು ಮುಗಿದದ್ದನ್ನು ಯಾರೂ ಮಾಡಿಸಿಕೊಡಲಾರರು. ಆಧಾರ್ ಜೆರಾಕ್ಸ್, ಪಾಸ್‌ಬುಕ್ ಇಂಥವರ ಕೈಗೆ ಕೊಡಬೇಡಿ, ಫೋನಿಗೆ ಬಂದ ಓಟಿಪಿಯನ್ನಂತೂ ಹೇಳಲೇಬೇಡಿ.

ಈಗ ನೀವು ಮಾಡಬೇಕಾದ್ದು. ಸಮೀಕ್ಷೆಯನ್ನು ನಾವೇ ಮಾಡಿಕೊಳ್ಳಲು ರೈತರ ಆ್ಯಪ್ ಇದೆ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಹೇಳಿ. ಅದು ಆಗದಿದ್ದರೆ ಸಮೀಕ್ಷೆಗೆ ಬಂದವರ ಜೊತೆ ಹೊಲಕ್ಕೆ ಇಳಿಯಿರಿ, ಅಕ್ಕಡಿ ಇದ್ದರೆ ಮಿಶ್ರ ಬೆಳೆ ಅಂತಲೇ ಬರೆಸಿ, ಮುಖ್ಯ ಬೆಳೆ ಯಾವುದು ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಬೆಳೆ ದರ್ಶಕ್ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ತಪ್ಪಿದ್ದರೆ ಆಕ್ಷೇಪಣೆಯನ್ನು ಅಲ್ಲೇ, ಗಡುವಿನೊಳಗೆ ಹಾಕಬಹುದು. ಇದೊಂದು ಮಾಡಿದ್ದರೆ ನಮಗೆ ಏನೂ ಆಗುತ್ತಿರಲಿಲ್ಲ. ಬರೀ ವಿಮೆಗಲ್ಲ, ಬರ ಪರಿಹಾರಕ್ಕೆ, ಬೆಂಬಲ ಬೆಲೆಯಲ್ಲಿ ರಾಗಿ, ತೊಗರಿ ಮಾರಲು ಕೂಡ ಇದೇ ದಾಖಲೆ ನೋಡುತ್ತಾರೆ.

ವಿಮೆ ರಸೀದಿಯಲ್ಲಿ ಸರ್ವೆ ನಂಬರ್, ಹಿಸ್ಸಾ, ಬೆಳೆ ಮೂರನ್ನೂ ಕೌಂಟರಿನಲ್ಲೇ ನಿಂತು ಓದಿ. ಬೆಳೆ ಸಾಲ ಇದ್ದವರು ಬ್ಯಾಂಕು ಯಾವ ಬೆಳೆಗೆ ವಿಮೆ ಹಿಡಿದಿದೆ ಅಂತ ಕೇಳಿ. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಗೆ ಎಲ್ಲ ಸರ್ವೆ ನಂಬರೂ ಸೇರಿರಬೇಕು. ಜಮೀನು ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ) ಮಾಡಿಸಿ, ಅದಿಲ್ಲದೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಕೈಗೆ ಬರುವುದಿಲ್ಲ. ಆಲಿಕಲ್ಲು ಬಿದ್ದು, ಹೊಲ ಮುಳುಗಿ ಬೆಳೆ ಹಾಳಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಮಾರುವುದು ಎರಡೇ ಚೀಲವಾದರೂ ಚೀಟಿ ಕೇಳಿ ಪಡೆಯಿರಿ.

ಕಳೆದ ಮುಂಗಾರಿಗೆ ಸಮೀಕ್ಷೆಯನ್ನು ನಾನೇ ಮಾಡಿದೆ. ಹೊಲದ ಗಡಿಯೊಳಗೆ ನಿಂತರೆ ಮಾತ್ರ ಆ್ಯಪ್ ಫೋಟೋ ತೆಗೆದುಕೊಳ್ಳುತ್ತದೆ. ಕ್ಯಾಮೆರಾ ಹಿಡಿದಾಗ ಅಪ್ಪ "ತಡಿ" ಅಂದು ಬಗ್ಗಿ, ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಬುಡದ ಕಾಯಿ ಕಾಣುವ ಹಾಗೆ ಬೇರು ಮೇಲೆ ಮಾಡಿ ಎತ್ತಿ ಹಿಡಿದರು. ಆ ಫೋಟೋವನ್ನೇ ಹಾಕಿದೆ.