ಎಸ್‌ಯುವಿಯೊಳಗೆ ಮಲಗಲು ಯಾವುದು ಸರಿ: ಗಾಳಿ ಹಾಸಿಗೆಯೋ, ಹಲಗೆ ಮಂಚವೋ, ಫೋಮೋ?

ಕಾರಿನಲ್ಲಿ ಮಲಗಬೇಕು ಅಂದ ಕೂಡಲೇ ಎಲ್ಲರೂ ಹಾಸಿಗೆ ಹುಡುಕಲು ಹೊರಡುತ್ತಾರೆ. ಮೊದಲು ನೋಡಬೇಕಾದ್ದು ನೆಲ. ಹಿಂದಿನ ಸೀಟು ಮಡಚಿ, ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿ, ಅಳತೆ ಟೇಪು ಹಿಡಿದು ಒಳಗೆ ಹತ್ತಿ. ನನ್ನದು ಐದು ಸೀಟಿನ ಮಧ್ಯಮ ಗಾತ್ರದ ಗಾಡಿ. ಮುಂದಿನ ಸೀಟಿನ ಬೆನ್ನಿನಿಂದ ಡಿಕ್ಕಿ ಬಾಗಿಲವರೆಗೆ ಸುಮಾರು 175 ಸೆಂ.ಮೀ. ಸಿಗುತ್ತದೆ. ಆದರೆ ಮಡಚಿದ ಸೀಟು ಅದಕ್ಕಿಂತ ಮೊದಲೇ ಮುಗಿದು, ಕಾಲಿಡುವ ಜಾಗದಲ್ಲಿ ದೊಡ್ಡ ಗುಂಡಿ ಬಾಯಿ ತೆರೆದಿರುತ್ತದೆ. ಸೀಟಿನ ಬೆನ್ನು ಸಮವಾಗಿಯೂ ಇಲ್ಲ, ಡಿಕ್ಕಿಯ ಕಡೆಗೆ ಸ್ವಲ್ಪ ಇಳಿಜಾರು. ಚಕ್ರದ ಉಬ್ಬುಗಳ ನಡುವೆ ಅಗಲ ಸುಮಾರು ಒಂದು ಮೀಟರ್. ಇಬ್ಬರು ಮಲಗಬಹುದು, ಆದರೆ ಇಬ್ಬರೂ ಒಟ್ಟಿಗೆ ಹೊರಳಬೇಕು!

ಇದೇ ಜಾಗದಲ್ಲಿ ಗಾಳಿ ಹಾಸಿಗೆ, ಪ್ಲೈವುಡ್ ಮಂಚ, ಮೂರು ಮಡಿಕೆಯ ಫೋಮ್ ಹಾಸಿಗೆ, ಮೂರನ್ನೂ ಬಳಸಿ ನೋಡಿದ್ದೇನೆ.

ಗಾಳಿ ಹಾಸಿಗೆ ಮಲಗಿದ ಮೊದಲ ಗಂಟೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ಗುಂಡಿ, ಇಳಿಜಾರು ಯಾವುದೂ ಅಷ್ಟಾಗಿ ಬೆನ್ನಿಗೆ ತಾಗುವುದಿಲ್ಲ. ಮಡಚಿದರೆ ಸಣ್ಣ ಚೀಲದಲ್ಲಿ ಕೂರುತ್ತದೆ. ತೊಂದರೆ ಶುರುವಾಗುವುದು ನಡುರಾತ್ರಿಯ ಮೇಲೆ. ಸಂಜೆ 30 ಡಿಗ್ರಿ ಬಿಸಿಲ ಕಾವಿನಲ್ಲಿ ಗಾಳಿ ತುಂಬಿರುತ್ತೀರಿ, ಬೆಳಗಿನ ಜಾವಕ್ಕೆ 10 ಡಿಗ್ರಿಗೆ ಇಳಿಯುತ್ತದೆ ಅಂದುಕೊಳ್ಳಿ. ಒಳಗಿನ ಗಾಳಿ ಕುಗ್ಗಿ ಒತ್ತಡ ಸುಮಾರು ನೂರಕ್ಕೆ ಏಳರಷ್ಟು ಕಡಿಮೆಯಾಗುತ್ತದೆ. ಎಲ್ಲೂ ತೂತಿಲ್ಲ, ಆದರೂ ಸೊಂಟ ನೆಲ ಮುಟ್ಟುತ್ತದೆ. ಜೊತೆಗೆ ಚಳಿ. ಹಾಸಿಗೆಯೊಳಗೆ ಗಾಳಿ ಸುತ್ತುತ್ತಾ ಮೈಯ ಶಾಖವನ್ನು ಕೆಳಗಿನ ತಣ್ಣನೆ ನೆಲಕ್ಕೆ ಸಾಗಿಸುತ್ತಲೇ ಇರುತ್ತದೆ. ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗೇ. ಹಾಸಿಗೆಯ ಮೇಲೆ ದಪ್ಪ ಕಂಬಳಿ ಹಾಸಿದರೆ ಸ್ವಲ್ಪ ವಾಸಿ. ಇನ್ನು ಇಬ್ಬರು ಮಲಗಿದಾಗ ಒಬ್ಬರು ಹೊರಳಿದರೆ ಇನ್ನೊಬ್ಬರು ಮೇಲೇಳುತ್ತಾರೆ. ಸೀಟ್ ಬೆಲ್ಟಿನ ಬಕಲ್, ಡಿಕ್ಕಿಯ ಕೊಕ್ಕೆ ಇವೆಲ್ಲ ಹಾಸಿಗೆಯ ಶತ್ರುಗಳು. ಅವುಗಳ ಮೇಲೆ ಬಟ್ಟೆ ಸುತ್ತಿಡಬೇಕು. ಹಗಲು ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ಪೂರ್ತಿ ಗಾಳಿ ತುಂಬಿದ ಹಾಸಿಗೆ ಬಿಟ್ಟು ಹೋಗಬೇಡಿ, ಹಿಗ್ಗಿ ಅಂಟು ಬಿಡಬಹುದು.

ವರ್ಷಕ್ಕೊಮ್ಮೆ ಒಂದೆರಡು ರಾತ್ರಿ ಮಲಗುವವರಿಗೆ ಇಷ್ಟು ಸಾಕು. ಅದಕ್ಕಿಂತ ಜಾಸ್ತಿ ಅಂದರೆ ನಾನು ಬೇಡ ಅನ್ನುತ್ತೇನೆ.

ಪ್ಲೈವುಡ್ ಮಂಚದ ವಿಡಿಯೋಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಮೇಲೆ ಮಲಗುವ ಜಾಗ, ಕೆಳಗೆ ಡ್ರಾಯರು, ಅದರಲ್ಲಿ ಪಾತ್ರೆ, ಬಟ್ಟೆ, ಟಾರ್ಚು. ನಿಜಕ್ಕೂ ನೆಲ ಇಷ್ಟು ಸಮವಾಗುವುದು ಇದರಲ್ಲಿ ಮಾತ್ರ. ಆದರೆ ಎತ್ತರದ ಲೆಕ್ಕ ಹಾಕಿ. ಡಿಕ್ಕಿಯ ನೆಲದಿಂದ ಚಾವಣಿಗೆ 80 ಸೆಂ.ಮೀ. ಇದೆ ಅಂದುಕೊಳ್ಳೋಣ. ಮಂಚಕ್ಕೆ 30, ಹಾಸಿಗೆಗೆ 8 ಹೋದರೆ ಉಳಿಯುವುದು 42. ದೊಡ್ಡವರು ನೆಟ್ಟಗೆ ಕೂರಲು ಸುಮಾರು 85 ರಿಂದ 90 ಬೇಕು. ಅಂದರೆ ಕೂರುವ ಮಾತೇ ಇಲ್ಲ. ಪ್ಯಾಂಟು ಹಾಕಿಕೊಳ್ಳುವುದೂ ಮಲಗಿಕೊಂಡೇ. ಮಳೆ ಬಂದು ಸಂಜೆಯೆಲ್ಲ ಒಳಗೇ ಇರಬೇಕಾದಾಗ ಇದು ಬಹಳ ಬೇಸರ ತರಿಸುತ್ತದೆ.

ತೂಕವೂ ಇದೆ. 12 ಮಿ.ಮೀ. ಪ್ಲೈವುಡ್ ಚದರ ಮೀಟರಿಗೆ ಸುಮಾರು 7 ಕಿಲೋ, 18 ಮಿ.ಮೀ. ಆದರೆ ಸುಮಾರು 11. ಮೇಲಿನ ಹಲಗೆಯೇ ಹತ್ತು ಕಿಲೋ ಮೀರುತ್ತದೆ, ಕಾಲು, ಡ್ರಾಯರು ಬೇರೆ. 12 ಮಿ.ಮೀ. ಸಾಕು, ಕೆಳಗೆ ಅಡ್ಡಪಟ್ಟಿ ಹತ್ತಿರ ಹತ್ತಿರ ಕೊಡಿ. ಇದನ್ನು ಡಿಕ್ಕಿಯ ಕೊಕ್ಕೆಗಳಿಗೆ ಬಿಗಿಯಾಗಿ ಕಟ್ಟಲೇಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಸಡಿಲ ಹಲಗೆ ಮುಂದೆ ನುಗ್ಗಿದರೆ ಗತಿ ಏನು? ಹಲಗೆ ಹಲಗೆ ಸೇರುವ ಕಡೆ ಕಾರ್ಪೆಟ್ ಪಟ್ಟಿ ಅಂಟಿಸದಿದ್ದರೆ ದಾರಿಯುದ್ದಕ್ಕೂ ಕಿರ್ ಕಿರ್. ವಾರಗಟ್ಟಲೆ ಗಾಡಿಯಲ್ಲೇ ಇರುವವರಿಗೆ ಮಂಚ ಸರಿ. ಸೋಮವಾರ ಹಿಂದಿನ ಸೀಟಿನಲ್ಲಿ ಮಕ್ಕಳು ಕೂರಬೇಕಾದ ಮನೆಗೆ ಅಲ್ಲ.

ನಾನು ಈಗ ಬಳಸುವುದು ಫೋಮ್. ಆದರೆ ಬರೀ ಫೋಮ್ ಹಾಸಿದರೆ ಅರ್ಧ ಕೆಲಸ ಮಾತ್ರ. ಕಾಲಿಡುವ ಗುಂಡಿಯಲ್ಲಿ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಗಳನ್ನು ಇಟ್ಟು, ಅವುಗಳ ಮೇಲೆ ಅಗಲ ಕಡಿಮೆಯ ಒಂದು ಹಲಗೆ ತುಂಡು ಹಾಕುತ್ತೇನೆ. ಡಬ್ಬದ ಎತ್ತರ ಮಡಚಿದ ಸೀಟಿಗೆ ಸರಿಹೊಂದಬೇಕು. ಇಳಿಜಾರಿಗೆ ಹಳೆಯ ಯೋಗ ಮ್ಯಾಟನ್ನು ತುಂಡು ಮಾಡಿ ತಗ್ಗಿನ ಕಡೆ ಒಂದರ ಮೇಲೊಂದು ಹಾಸಿದರೆ ಆಯಿತು. ಅದರ ಮೇಲೆ 10 ಸೆಂ.ಮೀ. ದಪ್ಪದ 40 ಡೆನ್ಸಿಟಿ (ಘನ ಮೀಟರಿಗೆ 40 ಕಿಲೋ ತೂಗುವ) ಫೋಮ್. ಮೆತ್ತಗಿನ ಅಗ್ಗದ ಫೋಮ್ ಬೇಡ, ಭುಜದ ಕೆಳಗೆ ಚಪ್ಪಟೆಯಾಗುತ್ತದೆ. ಗಾಳಿ ಇಳಿಯುವ ಭಯವಿಲ್ಲ, ಬೆನ್ನು ಬೆಚ್ಚಗೆ, ಸ್ವಲ್ಪ ಬಗ್ಗಿ ಕೂರುವಷ್ಟು ಎತ್ತರವೂ ಉಳಿಯುತ್ತದೆ. ಹಗಲು ಮಡಚಿ ಒರಗಿ ಕೂರಬಹುದು.

ಇದರ ಕೆಟ್ಟ ಗುಣ ಎಂದರೆ ಗಾತ್ರ. ಮಡಚಿದರೂ ಅರ್ಧ ಡಿಕ್ಕಿ ನುಂಗುತ್ತದೆ. ತೇವ ಹೀರುತ್ತದೆ ಕೂಡ. ರಾತ್ರಿ ಅಡಿಯಲ್ಲಿ ಪಸೆ ಕಟ್ಟುತ್ತದೆ, ಬೆಳಗ್ಗೆ ಎತ್ತಿ ನಿಲ್ಲಿಸಿ ಗಾಳಿಗೆ ಒಣಗಿಸದಿದ್ದರೆ ಮುಗ್ಗಲು ವಾಸನೆ. ಜಾಗ ತೀರಾ ಕಡಿಮೆ ಇದ್ದರೆ ತಾನಾಗಿ ಉಬ್ಬುವ ಮ್ಯಾಟ್ ಒಳ್ಳೆಯ ನಡುದಾರಿ. ಒಳಗೆ ಫೋಮ್ ಇರುವುದರಿಂದ ಗಾಳಿ ಹಾಸಿಗೆಯಷ್ಟು ಚಳಿ ಬಿಡುವುದಿಲ್ಲ.

ಯಾವ ಹಾಸಿಗೆಯಾದರೂ ಗಾಜು ಮುಚ್ಚಿ ಮಲಗಬೇಡಿ. ಉಸಿರಿನ ತೇವವೇ ಬೆಳಗಾಗುವಷ್ಟರಲ್ಲಿ ಗಾಜಿನಿಂದ ತೊಟ್ಟಿಕ್ಕುತ್ತದೆ. ಎದುರುಬದುರು ಎರಡು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಬೆಳ್ಳಿ ಬಣ್ಣದ ಸನ್‌ಶೇಡ್ ಬೆಳಕನ್ನೂ ಹೊರಗಿನವರ ಕಣ್ಣುಗಳನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಒದ್ದೆ ಗಾಜಿನ ಮೇಲೆ ಅದನ್ನು ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲುಗಳು ನಿಲ್ಲುವುದಿಲ್ಲ. ಬಾಗಿಲಿಗೆ ಮೇಲಿನಿಂದ ತೊಡಿಸುವ ಸೊಳ್ಳೆ ಪರದೆಯೇ ನನಗೆ ಇಷ್ಟ, ಮಳೆ ಇಲ್ಲದಿದ್ದರೆ ಅರ್ಧ ಗಾಜು ಇಳಿಸಿಯೂ ಮಲಗಬಹುದು. ಸೆಕೆ ಅಂತ ಎಂಜಿನ್ ಓಡಿಸಿ ಎ.ಸಿ. ಹಾಕಿಕೊಂಡು ನಿದ್ದೆ ಹೋಗುವುದು ಮಾತ್ರ ಖಂಡಿತ ಬೇಡ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗೆ ಒಲೆ ಹಚ್ಚುವುದೂ ಅಷ್ಟೇ ಅಪಾಯ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಸಣ್ಣ ಫ್ಯಾನ್ ಸಾಕಾಗುತ್ತದೆ.

ಹೊರಡುವ ಮೊದಲು ಮನೆ ಮುಂದೆಯೇ ಒಂದು ರಾತ್ರಿ ಮಲಗಿ ನೋಡಿ. ಡಿಕ್ಕಿ ಬಾಗಿಲು ಎಷ್ಟೋ ಗಾಡಿಗಳಲ್ಲಿ ಒಳಗಿನಿಂದ ತೆರೆಯುವುದಿಲ್ಲ, ಹಾಗಾಗಿ ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ತೆಗೆದಿರಲಿ. ರಿಮೋಟಿನಿಂದ ಲಾಕ್ ಮಾಡಿ ಒಳಗೆ ಹೊರಳಾಡಿದರೆ ಕೆಲವು ಗಾಡಿಗಳ ಅಲಾರಂ ಕೂಗಿಕೊಳ್ಳುತ್ತದೆ. ಒಳಗಿನ ಲಾಕ್ ಬಟನ್ ಒತ್ತಿಯೇ ಲಾಕ್ ಮಾಡಿ.