ಡ್ರೈ-ರನ್ ಇದೆ ಅಂತ ನಂಬಬೇಡಿ, ಕೋಡ್ ತೆರೆದು ನೋಡಿ

ಜ್ಯಾಂಗೋ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ಪ್ರಾಜೆಕ್ಟಿಗೆ ಮ್ಯಾನೇಜ್‌ಮೆಂಟ್ ಕಮಾಂಡ್‌ಗಳನ್ನು, ಅಂದರೆ ಟರ್ಮಿನಲ್‌ನಿಂದ ಓಡಿಸುವ ಸಣ್ಣ ಪ್ರೋಗ್ರಾಂಗಳನ್ನು, ಹೊರಗಿನವರಿಂದ ಬರೆಸುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಕೆಲಸ ಸಣ್ಣದು. ಬಹಳ ಕಾಲದಿಂದ ಲಾಗಿನ್ ಆಗದ ಖಾತೆಗಳನ್ನು ಹುಡುಕಿ ಅಳಿಸುವ ಒಂದು ಕಮಾಂಡ್. ಅಳಿಸುವ ಮೊದಲು ಪಟ್ಟಿ ನೋಡಬೇಕು, ಹಾಗಾಗಿ ಡ್ರೈ-ರನ್ (ನಿಜವಾಗಿ ಏನೂ ಮಾಡದೆ, ಏನಾಗಲಿದೆ ಅಂತ ಮಾತ್ರ ತೋರಿಸುವ ಆಯ್ಕೆ) ಬೇಕೇ ಬೇಕು ಅಂತ ಮೊದಲೇ ಬರೆದುಕೊಟ್ಟಿದ್ದೆ. ಹೆಲ್ಪ್ ತೆರೆದರೆ ಡ್ರೈ-ರನ್ ಇದೆ. ಪಕ್ಕದಲ್ಲೇ "ಏನನ್ನೂ ಅಳಿಸುವುದಿಲ್ಲ, ಪಟ್ಟಿ ಮಾತ್ರ ತೋರಿಸುತ್ತದೆ" ಅಂತ ವಿವರಣೆಯೂ ಇದೆ. ಹಣ ಕೊಟ್ಟೆ.

ಲೈವ್ ಸರ್ವರ್‌ನಲ್ಲಿ ಡ್ರೈ-ರನ್ ಹಾಕಿ ಓಡಿಸಿದೆ. ಪಟ್ಟಿ ಬಂತು. ಕೊನೆಗೆ ಹಸಿರು ಅಕ್ಷರದಲ್ಲಿ "ಯಶಸ್ವಿಯಾಗಿ ಮುಗಿದಿದೆ". ಪಟ್ಟಿ ಸರಿಯಿದೆಯಾ ಅಂತ ಅಡ್ಮಿನ್‌ನಲ್ಲಿ ಒಂದೊಂದೇ ಹೆಸರು ಹುಡುಕುತ್ತಾ ಕೂತೆ. ಮೊದಲನೆಯದು ಇಲ್ಲ. ಎರಡನೆಯದು ಇಲ್ಲ. ಅದರ ಮುಂದಿನದೂ ಇಲ್ಲ. ಕೈಕಾಲು ತಣ್ಣಗಾಯಿತು. ಅಳಿಸಿಯೇ ಬಿಟ್ಟಿತ್ತು! ಬರೀ ಖಾತೆ ಅಲ್ಲ, ಆರ್ಡರನ್ನು ಖಾತೆಗೆ ಜೋಡಿಸುವ ಫಾರಿನ್ ಕೀಯಲ್ಲಿ ಕ್ಯಾಸ್ಕೇಡ್ (ಖಾತೆ ಅಳಿದರೆ ಅದಕ್ಕೆ ಸೇರಿದ್ದೂ ಅಳಿಯಲಿ ಎಂಬ ನಿಯಮ) ಇದ್ದದ್ದರಿಂದ ಅವರ ಹಳೆಯ ಆರ್ಡರ್‌ಗಳೂ ಹೋಗಿದ್ದವು.

ಕೋಡ್ ತೆರೆದೆ. ಆರ್ಗ್ಯುಮೆಂಟ್ಸ್ ಸೇರಿಸುವ ಕಡೆ ಡ್ರೈ-ರನ್ ಇದೆ. ಕೆಲಸ ಮಾಡುವ ಹ್ಯಾಂಡಲ್ ಮೆಥಡ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಒಂದೇ ಒಂದು 'ಇಫ್' ಇಲ್ಲ! ಹೆಲ್ಪ್‌ನಲ್ಲಿ ಕಾಣಲಿ ಅಂತ ಹೆಸರು ಮಾತ್ರ ಹಾಕಿದ್ದಾರೆ.

ಬರೆದುಕೊಟ್ಟವರನ್ನು ಕೇಳಿದ್ದಕ್ಕೆ ಬಂದ ಉತ್ತರ ನೋಡಿ. "ಸರ್, ಡ್ರೈ-ರನ್ ಜ್ಯಾಂಗೋನೇ ನೋಡ್ಕೊಳ್ಳುತ್ತೆ." ಶುದ್ಧ ಸುಳ್ಳು. ಜ್ಯಾಂಗೋ ಜೊತೆಗೇ ಬರುವ ಮೇಕ್‌ಮೈಗ್ರೇಷನ್ಸ್, ಕಲೆಕ್ಟ್‌ಸ್ಟ್ಯಾಟಿಕ್ ಕಮಾಂಡ್‌ಗಳಿಗೆ ಡ್ರೈ-ರನ್ ಇರುವುದು ಅವುಗಳೊಳಗೇ ಅದನ್ನು ಬರೆದಿರುವುದರಿಂದ. ನಮ್ಮ ಕಮಾಂಡ್‌ಗೆ ನಾವೇ ಬರೆಯಬೇಕು.

ಆಮೇಲೆ, "ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ಅಟಾಮಿಕ್ ರಿಕ್ವೆಸ್ಟ್ಸ್ ಆನ್ ಇದೆಯಲ್ಲ ಸರ್, ತೊಂದರೆ ಆದ್ರೆ ರೋಲ್‌ಬ್ಯಾಕ್ ಆಗ್ಬೇಕಿತ್ತು." ನಡುವೆ ಎರರ್ ಬಂದರೆ ಡೇಟಾಬೇಸ್‌ನಲ್ಲಿ ಮಾಡಿದ್ದನ್ನೆಲ್ಲ ವಾಪಸ್ ತಿರುಗಿಸುವ (ರೋಲ್‌ಬ್ಯಾಕ್) ಸೆಟ್ಟಿಂಗ್ ಅದು. ಆದರೆ ಅದು ವ್ಯೂಗಳಿಗೆ (ವೆಬ್ ಪುಟದ ಕೋರಿಕೆಗೆ ಉತ್ತರ ಕೊಡುವ ಕೋಡ್) ಮಾತ್ರ ರೀ! ಕಮಾಂಡ್‌ನಲ್ಲಿ ಟ್ರಾನ್ಸಾಕ್ಷನ್ (ಆದರೆ ಎಲ್ಲಾ ಬದಲಾವಣೆ, ಇಲ್ಲದಿದ್ದರೆ ಯಾವುದೂ ಇಲ್ಲ) ಬೇಕಿದ್ದರೆ ಕೋಡ್‌ನಲ್ಲೇ ಹಾಕಬೇಕು. ಇದು ಗೊತ್ತಿಲ್ಲದವರು ಡೇಟಾಬೇಸ್‌ಗೆ ಯಾಕೆ ಕೈ ಹಾಕುತ್ತಾರೆ?

ಇನ್ನೊಂದು ವಿಷಯ ನೋಡಿದ ಮೇಲೆ ಸಿಟ್ಟು ಜಾಸ್ತಿಯೇ ಆಯಿತು. ಪ್ರೊಟೆಕ್ಟ್ (ಜೋಡಿಸಿದ ದಾಖಲೆ ಇರುವ ತನಕ ಅಳಿಸಲು ಬಿಡದ ನಿಯಮ) ಇದ್ದ ಕೆಲವು ಖಾತೆಗಳು ಅಳಿದಿರಲಿಲ್ಲ, ಎರರ್ ಬಂದಿತ್ತು. ಆ ಎರರನ್ನು ಎಕ್ಸೆಪ್ಟ್ ಹಾಕಿ ನುಂಗಿಬಿಟ್ಟಿದ್ದಾರೆ. ಕಮಾಂಡ್‌ಎರರ್ ಎತ್ತಿದ್ದರೆ ಎಕ್ಸಿಟ್ ಕೋಡ್ 1 (ವಿಫಲ) ಬರುತ್ತಿತ್ತು. ಇಲ್ಲಿ ಬಂದದ್ದು 0 (ಯಶಸ್ವಿ). ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕಮಾಂಡನ್ನು ತಾನೇ ಓಡಿಸುವ ವ್ಯವಸ್ಥೆ) ಹಾಕಿದ್ದರೆ ಎಲ್ಲಾ ಸರಿಯಿದೆ ಅಂತಲೇ ಅಂದುಕೊಂಡಿರುತ್ತಿದ್ದೆ.

ಕೊನೆಗೆ ಬಂದ ಮಾತು: "ಬ್ಯಾಕಪ್ ನಿಮ್ಮ ಜವಾಬ್ದಾರಿ ಸರ್." ಬ್ಯಾಕಪ್ ಇತ್ತು. ಅದರಿಂದಲೇ ಡೇಟಾ ವಾಪಸ್ ತಂದೆ. ಆದರೆ "ನನ್ನ ಖಾತೆ ಎಲ್ಲಿ, ಹಳೆ ಬಿಲ್ ಎಲ್ಲಿ" ಅಂತ ಕೇಳಿದವರ ಮುಂದೆ ತಲೆ ತಗ್ಗಿಸಿ ನಿಂತವನು ನಾನು, ಅವರಲ್ಲ. ಇಷ್ಟಾದ ಮೇಲೂ ಡ್ರೈ-ರನ್ ಸರಿಪಡಿಸಲು ಬೇರೆ ಹಣ ಕೇಳಿದರು. ನಾನು ಒಂದು ಪೈಸೆ ಕೊಡಲಿಲ್ಲ.

ಬರೆಸುವವರು ಟೆಸ್ಟ್ ಕೇಳಿ. ಕಾಲ್‌ಕಮಾಂಡ್‌ನಿಂದ (ಕೋಡ್ ಒಳಗಿಂದಲೇ ಕಮಾಂಡ್ ಓಡಿಸುವ ಜ್ಯಾಂಗೋ ಫಂಕ್ಷನ್) ಡ್ರೈ-ರನ್ ಓಡಿಸಿ, ಡೇಟಾಬೇಸ್‌ನಲ್ಲಿ ಮುಂಚೆ ಎಷ್ಟು ದಾಖಲೆ ಇತ್ತು, ಆಮೇಲೆ ಎಷ್ಟಿದೆ ಅಂತ ಹೋಲಿಸುವ ನಾಲ್ಕು ಸಾಲಿನ ಟೆಸ್ಟ್ ಸಾಕು. ಅದು ಪಾಸಾಗುವುದನ್ನು ಕಣ್ಣಾರೆ ನೋಡುವ ತನಕ ಹಣ ಕೊಡಬೇಡಿ.