ಶಿವಮೊಗ್ಗದಲ್ಲಿ ವೈ ಕ್ರೋಮೋಸೋಮ್ ಪರೀಕ್ಷೆ: ಸ್ಯಾಂಪಲ್ ಚೆನ್ನ, ರಿಪೋರ್ಟ್ ಅರೆಬರೆ

ದುರ್ಗಿಗುಡಿಯ ಈ ಲ್ಯಾಬ್‌ನಲ್ಲಿ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳ ಎಣಿಕೆ, ಆಕಾರ ನೋಡುವುದು), ವೈ ಮೈಕ್ರೋಡಿಲೀಷನ್ (ವೈ ಕ್ರೋಮೋಸೋಮ್‌ನ ಸಣ್ಣ ತುಣುಕು ಕಳೆದಿದೆಯೇ ಎಂದು ನೋಡುವುದು) ಎರಡಕ್ಕೂ ರಕ್ತ ತೆಗೆದುಕೊಳ್ಳುತ್ತಾರೆ. ಪರೀಕ್ಷೆ ಆಗುವುದು ಬೆಂಗಳೂರಿನಲ್ಲಿ. ಸ್ಯಾಂಪಲ್ ವಿಷಯದಲ್ಲಿ ಕೊಂಕು ತೆಗೆಯುವಂತಿಲ್ಲ. ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬ್, ಮೈಕ್ರೋಡಿಲೀಷನ್‌ಗೆ ಮಾಡುವ ಪಿಸಿಆರ್‌ಗೆ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹುಡುಕುವ ವಿಧಾನ) ನೇರಳೆ ಮುಚ್ಚಳದ ಇಡಿಟಿಎ. ಇವು ಅದಲುಬದಲಾದರೆ ಎರಡೂ ಕೆಡುತ್ತವೆ: ಇಡಿಟಿಎ ರಕ್ತದಲ್ಲಿ ಕಣಗಳು ಸರಿಯಾಗಿ ಬೆಳೆಯುವುದಿಲ್ಲ, ಹೆಪಾರಿನ್ ಪಿಸಿಆರ್‌ಗೆ ಅಡ್ಡಗಾಲು ಹಾಕುತ್ತದೆ.

ಬಿಳಿ ರಕ್ತಕಣಗಳು ಜೀವಂತವಾಗಿ ತಲುಪಿದರೆ ಮಾತ್ರ ಕ್ಯಾರಿಯೋಟೈಪ್‌ಗೆ ಬೇಕಾದ 72 ಗಂಟೆಯ ಕಲ್ಚರ್ (ಲ್ಯಾಬ್‌ನಲ್ಲಿ ಕಣ ಬೆಳೆಸುವುದು) ಸಾಧ್ಯ. ಹೊಸನಗರ, ತೀರ್ಥಹಳ್ಳಿ ಕಡೆಯವರು ಊರಲ್ಲೇ ರಕ್ತ ಕೊಟ್ಟು ಕಳಿಸುವ ಬದಲು ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಇಲ್ಲಿಗೇ ಬರುವುದು ಒಳ್ಳೆಯದು. ಶನಿವಾರದ ಸ್ಯಾಂಪಲ್ ಭಾನುವಾರವೆಲ್ಲ ಬಿದ್ದಿರುತ್ತದೆ. ಫ್ರೀಜರ್‌ಗೆ ಹೋದರಂತೂ ಮುಗಿಯಿತು.

ಕೊರತೆ ಇರುವುದು ರಿಪೋರ್ಟ್‌ನಲ್ಲಿ. ವೀರ್ಯಾಣು ಇಲ್ಲದ ಗಂಡಸಿಗೆ ‘46,ಎಕ್ಸ್‌ಎಕ್ಸ್’ (ಸಾಮಾನ್ಯವಾಗಿ ಹೆಂಗಸರಲ್ಲಿ ಕಾಣುವ ಕ್ರೋಮೋಸೋಮ್ ಜೋಡಿ) ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಆ ಮನೆಯಲ್ಲಿ ಏನಾಗಬಹುದು ಯೋಚಿಸಿ. ಅವರು ಗಂಡಸರೇ. ತಂದೆಯಲ್ಲಿ ವೀರ್ಯಾಣು ತಯಾರಾಗುವಾಗ ಎಕ್ಸ್ ಮತ್ತು ವೈ ತುದಿಗಳು ತುಣುಕು ಬದಲಾಯಿಸಿಕೊಳ್ಳುತ್ತವೆ. ವೈ ಮೇಲೆ ಆ ತುದಿಯ ಗಡಿಗೆ ಅಂಟಿಕೊಂಡೇ ಇರುವ, ವೃಷಣ ಬೆಳೆಸುವ ಎಸ್‌ಆರ್‌ವೈ ಜೀನ್ ಅಪರೂಪಕ್ಕೆ ಎಕ್ಸ್‌ಗೆ ಜಿಗಿಯುತ್ತದೆ. ಇಂಥವರ ಡಿಎನ್‌ಎಯಲ್ಲಿ ವೈ ತುಣುಕು ಎಷ್ಟಿದೆ ಎಂದು ಹೋಲಿಸುತ್ತಲೇ ಗಂಡು ಮಾಡುವ ಜೀನ್‌ನ ಹುಡುಕಾಟ ಕಿರಿದಾಗಿದ್ದು. 1987ರಲ್ಲಿ ಡೇವಿಡ್ ಪೇಜ್ ತಂಡ ಝಡ್‌ಎಫ್‌ವೈ ಜೀನನ್ನು ತೋರಿಸಿತು, ಅದು ಸರಿಹೋಗಲಿಲ್ಲ; 1990ರಲ್ಲಿ ಗಡಿಯ ಪಕ್ಕದ 35 ಕಿಲೋಬೇಸ್ (35 ಸಾವಿರ ಡಿಎನ್‌ಎ ಅಕ್ಷರ) ಜಾಗದಲ್ಲಿ ಎಸ್‌ಆರ್‌ವೈ ಸಿಕ್ಕಿತು. ಮರುವರ್ಷ ಅದೇ ಜೀನ್ ಸೇರಿಸಿದ ಎಕ್ಸ್‌ಎಕ್ಸ್ ಇಲಿಗೆ ವೃಷಣ ಬೆಳೆದ ಮೇಲೆ ಅನುಮಾನ ಉಳಿಯಲಿಲ್ಲ.

ಹಾಗಾಗಿ ಮೈಕ್ರೋಡಿಲೀಷನ್ ರಿಪೋರ್ಟ್ ಕೇಳುವಾಗ ಮಾರ್ಕರ್‌ವಾರು (ಹುಡುಕಿದ ಒಂದೊಂದು ವೈ ತುಣುಕಿನ) ಪಟ್ಟಿಯನ್ನೇ ಕೇಳಿ. ಎಸ್‌ವೈ14 ಎಂದರೆ ಎಸ್‌ಆರ್‌ವೈ. ಅದೊಂದು ಇದ್ದು ಎಸ್‌ವೈ84, 86, 127, 134, 254, 255 ಯಾವುದೂ ಇಲ್ಲದಿದ್ದರೆ, ಕ್ಯಾರಿಯೋಟೈಪ್ ಎಕ್ಸ್‌ಎಕ್ಸ್ ಆಗಿದ್ದರೆ, ಉತ್ತರ ಸಿಕ್ಕಂತೆ. ಈ ಮಾರ್ಕರ್‌ಗಳು ಗುರುತಿಸುವ, ವೀರ್ಯಾಣು ತಯಾರಿಕೆಗೆ ಬೇಕಾದ ವೈನ ಎಝಡ್‌ಎಫ್ ಭಾಗಗಳೇ ಇಲ್ಲದ ಮೇಲೆ ವೃಷಣದಿಂದ ವೀರ್ಯಾಣು ಹುಡುಕುವ ಆಪರೇಷನ್‌ಗೆ ದುಡ್ಡು ಸುರಿಯುವುದು ಬೇಡ. ಜೀನ್ ಯಾವ ಕ್ರೋಮೋಸೋಮ್ ಮೇಲೆ ಕೂತಿದೆ ಎಂದು ಕಣ್ಣಾರೆ ನೋಡಬೇಕಿದ್ದರೆ ಮಾತ್ರ ಫಿಶ್ (ಹೊಳೆಯುವ ಬಣ್ಣದಿಂದ ಜೀನ್ ಗುರುತಿಸುವ) ಪರೀಕ್ಷೆ.

ಇನ್ನೊಂದು ಕಡೆ ಇದೇ ಪಟ್ಟಿ ದಾರಿ ತಪ್ಪಿಸುತ್ತದೆ. ಹದಿನಾರಾದರೂ ಮುಟ್ಟಾಗದ, ಗರ್ಭಕೋಶ ಇರುವ ಹುಡುಗಿಗೆ 46,ಎಕ್ಸ್‌ವೈ (ಸಾಮಾನ್ಯವಾಗಿ ಗಂಡಸರ ಜೋಡಿ) ಬಂದು ‘ಎಸ್‌ಆರ್‌ವೈ ಇದೆ’ ಎಂದರೆ ಜೀನ್ ಸರಿಯಿದೆ ಎಂದರ್ಥವಲ್ಲ. ಒಂದಕ್ಷರದ ದೋಷ ಪಿಸಿಆರ್‌ಗಾಗಲಿ ಫಿಶ್‌ಗಾಗಲಿ ಕಾಣದು, ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಬೇಕು. ಅಲ್ಲೂ ಎಸ್‌ಆರ್‌ವೈ ದೋಷ ಸಿಗುವುದು ನೂರಕ್ಕೆ ಹದಿನೈದರಷ್ಟು ಜನರಲ್ಲಿ, ಉಳಿದವರಲ್ಲಿ ಬೇರೆ ಜೀನ್‌ಗಳನ್ನು ನೋಡಬೇಕು. ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ: ಅಂಡಾಶಯವೂ ಆಗದೆ ವೃಷಣವೂ ಆಗದೆ ಬೆಳೆಯದೆ ಉಳಿದ ಲಿಂಗಗ್ರಂಥಿಗಳಲ್ಲಿ ಗಡ್ಡೆಯಾಗುವ ಅಪಾಯವಿದೆ, ಸರ್ಜನ್‌ರನ್ನು ಮೊದಲು ಕಾಣಿ.

ರಿಪೋರ್ಟನ್ನು ವಾಟ್ಸಾಪ್‌ಗೆ ಹಾಕಿಸಿಕೊಳ್ಳದೆ, ಸಂಬಂಧಪಟ್ಟವರೇ ಹೋಗಿ ಲಕೋಟೆಯಲ್ಲಿ ತಂದು ನೇರ ಡಾಕ್ಟರ ಬಳಿ ಬಿಡಿಸಿ.